ಮಲಗಿದ ಯಂತ್ರವೂ ಅಜಾತಶತ್ರುವಿನ ಪರೀಕ್ಷೆಯೂ

ಬ್ರಹ್ಮವನ್ನು ಬೋಧಿಸುವೆನೆಂದು ಬಂದು ಕಡೆಗೆ ತಾನೇ ಶಿಷ್ಯನಾಗಿ ನಿಂತ ದೃಪ್ತಬಾಲಾಕಿ ಗಾರ್ಗ್ಯನನ್ನು ಕಾಶಿಯ ದೊರೆ ಅಜಾತಶತ್ರುವು ಕೈಹಿಡಿದು ಒಬ್ಬ ನಿದ್ರಿತನ ಬಳಿಗೆ ಕರೆದೊಯ್ದ ಕಥೆ ಬೃಹದಾರಣ್ಯಕೋಪನಿಷತ್ತಿನ ಎರಡನೆಯ ಅಧ್ಯಾಯದಲ್ಲಿದೆ. ಸೋಮರಾಜನೆಂಬುದೇ ಮೊದಲಾದ ಹೆಸರುಗಳಿಂದ ಕೂಗಿದರೆ ಆ ಮನುಷ್ಯನು ಏಳಲಿಲ್ಲ. ಕೈಯಿಂದ ಅಲುಗಿಸಿದಾಗ ಎದ್ದನು. ಆ ಹೆಸರುಗಳು ಪ್ರಾಣಕ್ಕೆ ಸೇರಿದವೆಂದೂ, ನಿದ್ರೆಯಲ್ಲಿಯೂ ಎಚ್ಚತ್ತೇ ಇರುವ ಪ್ರಾಣವು ಅರಿಯತಕ್ಕ ಚೇತನವಾಗಿದ್ದ ಪಕ್ಷದಲ್ಲಿ ತನ್ನ ಹೆಸರಿಗೆ ಓಗೊಡಬೇಕಾಗಿತ್ತೆಂದೂ, ಓಗೊಡದ ಕಾರಣ ಅದು ಭೋಕ್ತೃವಲ್ಲವೆಂದೂ ಶಂಕರರು ಭಾಷ್ಯದಲ್ಲಿ ವಾದಿಸುತ್ತಾರೆ.

ಈ ವಾದಕ್ಕೆ ಇಂದಿನ ಕಂಪ್ಯೂಟರು ಅಡ್ಡಬಂದಂತೆ ತೋರುತ್ತದೆ. ಶಟ್‌ಡೌನ್ ಮಾಡಿ, ಫ್ಯಾನು ನಿಂತು, ಪರದೆ ಕಪ್ಪಾದ ಮೇಲೂ, ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸಿದೆಡೆ ಒಂದು ಸಣ್ಣ ದೀಪ ಮಿನುಗುತ್ತಿರುವುದನ್ನು ನೋಡಬಹುದು: 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ನೆಟ್‌ವರ್ಕ್ ಕಾರ್ಡೊಂದು ಮಾತ್ರ ಜಾಗೃತವಾಗಿರುತ್ತದೆ. ತಂತಿಯಲ್ಲಿ ಬರುವ ಸಂದೇಶಗಳ ಅರ್ಥ ಅದಕ್ಕೆ ಬೇಕಿಲ್ಲ, 1995ರಲ್ಲಿ ಎ.ಎಂ.ಡಿ. ಸಂಸ್ಥೆಯು ‘ಮ್ಯಾಜಿಕ್ ಪ್ಯಾಕೆಟ್’ ಎಂದು ಪ್ರಕಟಿಸಿದ ಒಂದೇ ಆಕೃತಿಯನ್ನು ಅದು ಹುಡುಕುತ್ತದೆ. ಎಲ್ಲ ಬಿಟ್ಟುಗಳೂ 1 ಆಗಿರುವ 6 ಬೈಟುಗಳು, ಅವುಗಳ ಹಿಂದೆಯೇ ಆ ಕಾರ್ಡಿನ ಸ್ವಂತ ಮ್ಯಾಕ್ ವಿಳಾಸ (ಅದರ ಹೆಸರೆನ್ನೋಣ) 16 ಸಲ. ಒಟ್ಟು 102 ಬೈಟು. (ಷೋಡಶೋಪಚಾರಕ್ಕೆ ಒಗ್ಗಿದ ನಮ್ಮವರು ಈ ಹದಿನಾರರಲ್ಲಿ ರಹಸ್ಯವನ್ನು ಹುಡುಕದಿರಲಿ.) ಕರೆ ಸ್ಥಳೀಯ ಜಾಲದ ಎಲ್ಲ ಯಂತ್ರಗಳಿಗೂ ಮುಟ್ಟುವುದಾದರೂ ಹೆಸರುಳ್ಳದ್ದು ಮಾತ್ರ ಏಳುತ್ತದೆ, ಕರೆದವರಾರೆಂದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಪ್ಲಗ್ ಕಿತ್ತರೆ ಮಾತ್ರ ಯಾವ ಕರೆಯೂ ನಡೆಯದು.

ಹಾಗಾದರೆ ಹೆಸರಿಗೆ ಓಗೊಟ್ಟ ಈ ಜಡವಸ್ತುವನ್ನು ಚೇತನವೆನ್ನೋಣವೇ? ಅವಸರಪಡಬಾರದು. ಚೇತನವಾಗಿದ್ದರೆ ಓಗೊಡಬೇಕು ಎಂಬುದಷ್ಟೇ ಆಚಾರ್ಯರ ವ್ಯಾಪ್ತಿ. ಓಗೊಟ್ಟದ್ದೆಲ್ಲ ಚೇತನವೆಂಬುದು ಅದರಿಂದ ಸಿದ್ಧಿಸುವುದಿಲ್ಲ. ಯಂತ್ರವು ಕೆಡವಿದ್ದು ಭಾಷ್ಯದ ವಾದವನ್ನಲ್ಲ, ಅದನ್ನು ತಿರುವುಮುರುವಾಗಿ ಓದುವ ನಮ್ಮ ಅಭ್ಯಾಸವನ್ನು. ಉತ್ತರ ಕೊಟ್ಟ ಮಾತ್ರಕ್ಕೆ ಒಳಗೆ ಯಾರೋ ಇದ್ದಾರೆಂದು ನಂಬುವ ಈ ಅಭ್ಯಾಸ ಈ ದಿನಗಳಲ್ಲಿ ಬಹಳವಾಗಿ ಹಬ್ಬಿದೆ.

ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ. ಎದ್ದವನು ಸುಖವಾಗಿ ನಿದ್ರಿಸಿದೆ, ಏನನ್ನೂ ಅರಿಯಲಿಲ್ಲ ಎನ್ನುವನಷ್ಟೆ. ಅನುಭವವಿಲ್ಲದೆ ಸ್ಮೃತಿಯಿಲ್ಲವಾದ್ದರಿಂದ ಸುಷುಪ್ತಿಯಲ್ಲಿಯೂ ಸಾಕ್ಷಿಯೊಬ್ಬನಿದ್ದನೆಂದು ವೇದಾಂತಿಗಳು ನಿರ್ಣಯಿಸುತ್ತಾರೆ. ಅದು ಸ್ಮೃತಿಯಲ್ಲ, ಎದ್ದ ಮೇಲೆ ಮಾಡಿದ ಅನುಮಾನವೆಂಬುದು ನೈಯಾಯಿಕರ ಆಕ್ಷೇಪ. ಯಂತ್ರವು ಈ ಆಕ್ಷೇಪಕ್ಕೆ ಒಳ್ಳೆಯ ದೃಷ್ಟಾಂತವಾಗಬಲ್ಲುದೆಂದು ಒಪ್ಪಬೇಕು: ತನ್ನ ಗಡಿಯಾರವನ್ನೂ ಹಿಂದಿನ ದಾಖಲೆಯನ್ನೂ ಹೋಲಿಸಿ, ಎಷ್ಟು ಹೊತ್ತು ನಿಂತಿದ್ದೆನೆಂದು ಅದು ಲೆಕ್ಕಹಾಕಬಲ್ಲುದು, ಆ ಅವಧಿಯಲ್ಲಿ ಕಾರ್ಡು ಕಂಡು ಕೈಬಿಟ್ಟ ಸಂದೇಶಗಳ ಸುಳಿವು ಅದಕ್ಕಿಲ್ಲ. ಆದರೆ ಕಾಲವನ್ನು ಗಡಿಯಾರದಿಂದ ಊಹಿಸಿದಂತೆ ಸುಖವನ್ನು ಊಹಿಸಲಾಗದು. ಮೈ ಹಗುರವಾಗಿದೆಯೆಂಬ ಕಾರಣದಿಂದ ಊಹಿಸಿದೆನೆಂದರೂ, ಹಗುರವೆಂದು ಅನುಭವಿಸುವವನೊಬ್ಬನು ಮೊದಲೇ ಇರಬೇಕಾಗುತ್ತದೆ. ಈ ಅಂಶದಲ್ಲಿ ನನಗೆ ವೇದಾಂತಿಗಳ ಪಕ್ಷವೇ ಬಲವಾಗಿ ಕಾಣುತ್ತದೆ.

ಪ್ರಾಣಕ್ಕೆ ಉಪಮಾನ ಬೇಕೆನ್ನುವ ಉಪನ್ಯಾಸಕರು ಈ ಯಂತ್ರವನ್ನು ಧಾರಾಳವಾಗಿ ಬಳಸಲಿ. ಸಾಕ್ಷಿಗೆ ಇದು ಸಲ್ಲದು.