ಸುರಂಗ ತೋಡಿದವನು ಯಾರು?



ಕಷ್ಟ ಬಂದಾಗ ನಮ್ಮೆಲ್ಲರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: "ದೇವರೇ, ನನಗೇ ಏಕೆ?" ಟ್ರುಗನಿನಾದ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಅತಿ ಹೆಚ್ಚು ಕೇಳಿಬಂದದ್ದು 2020 ಮತ್ತು 2021ರಲ್ಲಿ. ಆ ಎರಡು ವರ್ಷಗಳಲ್ಲಿ ಮೆಲ್ಬರ್ನ್ ನಗರ ಆರು ಸಲ, ಒಟ್ಟು 262 ದಿನ, ಲಾಕ್‌ಡೌನ್‌ನಲ್ಲಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ಭಾರತದಿಂದ ಬರುವ ವಿಮಾನಗಳು ನಿಂತವು. ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು, ಆಸ್ಟ್ರೇಲಿಯಾದ ಪ್ರಜೆಗಳೇ ಆಗಿದ್ದರೂ, ಒಳಬಂದರೆ ದಂಡ ಇಲ್ಲವೇ ಸೆರೆವಾಸ ಎಂಬ ಆದೇಶ ಮೇ 3ರಿಂದ 15ರವರೆಗೆ ಜಾರಿಯಲ್ಲಿತ್ತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಪ್ರಾಣಬಿಟ್ಟದ್ದು ಅದೇ ಮೇ 2ರ ರಾತ್ರಿ. ಹೆತ್ತವರ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯ ಮೇಲೆ ನೋಡಿ ಕೈಮುಗಿದವರು ನಮ್ಮ ನಡುವೆಯೇ ಇದ್ದಾರೆ. ಅವರ ದುಃಖಕ್ಕೆ ಕರ್ಮದ ವಿವರಣೆ ಕೊಟ್ಟು ಕೈತೊಳೆದುಕೊಳ್ಳುವುದು ಧರ್ಮವಲ್ಲ.

ಭಾಗವತದ ಮೊದಲ ಸ್ಕಂಧದಲ್ಲಿ ಕುಂತೀದೇವಿಯ ಪ್ರಾರ್ಥನೆ ಬರುತ್ತದೆ. ಯುದ್ಧ ಮುಗಿದು ಕೃಷ್ಣ ದ್ವಾರಕೆಗೆ ಹೊರಟು ನಿಂತಿದ್ದಾನೆ. ಕುಂತಿ ಆತನಲ್ಲಿ ವಿಪತ್ತುಗಳನ್ನೇ ಬೇಡುತ್ತಾಳೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಕಷ್ಟವನ್ನು ಯಾರಾದರೂ ಬೇಡುತ್ತಾರೆಯೇ? ಆ ತಾಯಿ ಕಷ್ಟದ ರುಚಿಗಾಗಿ ಬೇಡಲಿಲ್ಲ. ಪ್ರತಿ ಕಷ್ಟದಲ್ಲೂ ಭಗವಂತ ತನ್ನ ಪಕ್ಕದಲ್ಲಿದ್ದನೆಂಬ ನೆನಪಿಗಾಗಿ ಬೇಡಿದಳು.

ಹಾಗಾದರೆ ಭಗವಂತ ಹೇಗೆ ಬಂದ? ಅರಗಿನ ಮನೆಯ ಪ್ರಸಂಗವನ್ನು ನೋಡೋಣ. ವಾರಣಾವತದಲ್ಲಿ ಶಂಖಚಕ್ರ ಹಿಡಿದು ಯಾರೂ ಪ್ರತ್ಯಕ್ಷರಾಗಲಿಲ್ಲ. ವಿದುರ ಗುಟ್ಟಾಗಿ ಎಚ್ಚರಿಸಿದ, ನೆಲ ಅಗೆಯುವ ಒಬ್ಬ ನಿಪುಣನನ್ನು ಕಳುಹಿಸಿದ. ಆತ ಯಾರಿಗೂ ತಿಳಿಯದಂತೆ ಸುರಂಗ ತೋಡಿದ. ಮಹಾಭಾರತ ಅವನನ್ನು ಕರೆಯುವುದು ಖನಕ ಎಂದಷ್ಟೇ, ಅಂದರೆ ಅಗೆಯುವವನು. ಹೆಸರೂ ಉಳಿಯದ ಆ ಮನುಷ್ಯನ ಕೈಗಳಲ್ಲಿ ದೇವರು ಕೆಲಸ ಮಾಡಿದ. ಮನಸ್ಸಿನಲ್ಲಿ ಮರುಗುವುದು ಪ್ರೀತಿಯ ಮೊದಲ ಮೆಟ್ಟಿಲು ಮಾತ್ರ. ಗುದ್ದಲಿ ಹಿಡಿಯುವುದು ಅದರ ಪೂರ್ಣರೂಪ. 2020ರ ಲಾಕ್‌ಡೌನ್‌ನಲ್ಲಿ ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾದವರು ಮೆಲ್ಬರ್ನಿನಲ್ಲಿ ಜಾತಿ, ಮತ, ದೇಶ ಕೇಳದೆ ಮನೆಬಾಗಿಲಿಗೆ ಬಿಸಿಯೂಟ ಮುಟ್ಟಿಸಿದರಲ್ಲ, ಅದೂ ಇಂಥದೇ ಕೆಲಸ.

ಆದರೆ ಆ ಕಥೆಯಲ್ಲಿ ನಾವು ಬೇಗ ದಾಟಿಹೋಗುವ ಒಂದು ಭಾಗವಿದೆ. ಅದೇ ರಾತ್ರಿ ಒಬ್ಬ ಬೇಡತಿ ತನ್ನ ಐವರು ಮಕ್ಕಳೊಂದಿಗೆ ಅಲ್ಲಿ ಊಟಕ್ಕೆ ಬಂದು, ಅಲ್ಲಿಯೇ ಮಲಗಿ, ಬೆಂಕಿಯಲ್ಲಿ ಬೆಂದುಹೋದಳು. ಪಾಂಡವರು ಪಾರಾದರು, ಆ ಆರು ಜನರನ್ನು ಯಾರೂ ಎಬ್ಬಿಸಲಿಲ್ಲ. ವ್ಯಾಸರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ನಮ್ಮ ಕುಟುಂಬ ಪಾರಾಯಿತು, ದೇವರು ದೊಡ್ಡವನು ಎಂದು ನಾವು ಹೇಳುವಾಗ, ಒಳಗೆ ಮಲಗಿದ್ದವರು ಯಾರು ಎಂದು ತಿರುಗಿ ನೋಡುವುದೂ ಭಕ್ತಿಯೇ. ಸಮಾಜ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥ ಬೇಕಿಲ್ಲ.

ನಾವಿರುವ ಊರಿನ ಹೆಸರು ಕೂಡ ಇದನ್ನೇ ಹೇಳುತ್ತದೆ. ಟ್ರುಗನಿನಾ ಎಂಬುದು ಟ್ಯಾಸ್ಮೇನಿಯಾದ ಮೂಲನಿವಾಸಿ ಮಹಿಳೆ ಟ್ರುಗನಿನಿಯ ಹೆಸರಿನಿಂದ ಬಂದದ್ದೆನ್ನುತ್ತಾರೆ. ತನ್ನ ಜನ, ನೆಲ ಎರಡನ್ನೂ ಕಳೆದುಕೊಂಡ ಆಕೆ 1876ರಲ್ಲಿ ಹೋಬಾರ್ಟ್‌ನಲ್ಲಿ ತೀರಿಕೊಂಡಳು. ತನ್ನ ದೇಹಕ್ಕೆ ಅಪಚಾರವಾಗಬಾರದೆಂಬುದು ಆಕೆಯ ಕೊನೆಯ ಬಯಕೆ. ಆದರೂ ಆಕೆಯ ಅಸ್ಥಿಯನ್ನು 1947ರವರೆಗೂ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಆಕೆಯ ಚಿತಾಭಸ್ಮ ಸಮುದ್ರ ಸೇರಿದ್ದು 1976ರಲ್ಲಿ, ನೂರು ವರ್ಷಗಳ ನಂತರ. ಹೆತ್ತವರ ಚಿತೆಗೆ ಅಗ್ನಿ ಕೊಡಲಾಗದ ಸಂಕಟವನ್ನು ಬಲ್ಲ ನಮಗೆ ಆ ನೂರು ವರ್ಷಗಳ ಭಾರ ಅರ್ಥವಾಗದೇ? ನಮ್ಮ ನೋವು ನಮ್ಮನ್ನು ಇತರರ ನೋವಿನತ್ತ ಕರೆದೊಯ್ದರೆ ಅದು ತಪಸ್ಸಾಗುತ್ತದೆ; ನಮ್ಮೊಳಗೇ ಕೂಡಿಹಾಕಿದರೆ ಕಹಿಯಾಗುತ್ತದೆ. ಕಷ್ಟ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಮನೋಭಾವ ಮಾತ್ರ ನಮ್ಮದು.

ಬಂಧುಗಳೇ, ಗಡಿಗಳು ಈಗ ತೆರೆದಿವೆ. ಆದರೆ ನಮ್ಮ ಬೀದಿಗಳಲ್ಲಿ ಮುಚ್ಚಿದ ಬಾಗಿಲುಗಳು ಇನ್ನೂ ಇವೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮಾತಿಗೆ ಯಾರೂ ಇಲ್ಲದ ಅಜ್ಜಿ ತಾತಂದಿರಿದ್ದಾರೆ. ಸಂಗಾತಿಯನ್ನು ಕಳೆದುಕೊಂಡವರಿದ್ದಾರೆ. ಕೆಲಸ ಹೋದದ್ದನ್ನು ಊರಿಗೆ ತಿಳಿಸಲಾಗದ ಯುವಕರಿದ್ದಾರೆ. ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುವ ದಾರಿಯಲ್ಲಿ ಇವರ ಬಾಗಿಲೂ ಸಿಗುತ್ತದೆ. ಮುಂದಿನ ಸಂಚಿಕೆ ನಿಮ್ಮ ಕೈಸೇರುವುದರೊಳಗೆ ಪ್ರತಿಯೊಂದು ಮನೆಯವರೂ ಅಂಥ ಒಂದು ಬಾಗಿಲನ್ನು ತಟ್ಟೋಣ. ಅವರು ಕನ್ನಡದವರೇ ಆಗಬೇಕೆಂದಿಲ್ಲ, ನಮ್ಮ ದೇವರನ್ನೇ ನಂಬಬೇಕೆಂದೂ ಇಲ್ಲ.

ಅಗೆಯುವ ಶಕ್ತಿಯನ್ನೂ, ಒಳಗೆ ಮಲಗಿರುವವರನ್ನು ಎಬ್ಬಿಸುವ ಎಚ್ಚರವನ್ನೂ ಭಗವಂತ ನಮ್ಮೆಲ್ಲರಿಗೂ ಕರುಣಿಸಲಿ.