ಹಲ್ಲಿನ ಚಿಕಿತ್ಸೆಯೂ ದೇಹದ ಮೋಹವೂ

ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದು ದೇಹದ ಮೋಹವೇ? ನೋವು ಪ್ರಾರಬ್ಧವಾದರೆ ಅನುಭವಿಸಿಯೇ ತೀರಿಸಬೇಕೇ? ಶಿಕಾರಿಪುರ, ಸೊರಬ ಸೀಮೆಯಲ್ಲಿ ಈ ಪ್ರಶ್ನೆ ಹಗುರವಾದುದಲ್ಲ. ದೇಹವೆಂದರೇನೆಂದು ಕೆದಕಿ ಕೇಳಿದ ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಸೊರಬದ ಹಿರೇಆವಲಿಯಲ್ಲಿ ಸಮಾಧಿಮರಣ ಪಡೆದ ಜೈನರ ನಿಷಿಧಿಗಲ್ಲುಗಳು ಹಲವಿವೆ.

ಉಪವಾಸದಿಂದ ದೇಹ ಬಿಡುವ ಆ ಜೈನ ವ್ರತವಾದ ಸಲ್ಲೇಖನವನ್ನು ನೋವಿನ ಸಮರ್ಥನೆಗೆ ಎಳೆಯುವುದು ತಪ್ಪು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅದಕ್ಕೆ ಅನುಮತಿ ಕೊಡುವುದು ಪ್ರತೀಕಾರವೇ, ಅಂದರೆ ಪರಿಹಾರವೇ, ಇಲ್ಲದ ರೋಗ, ಮುಪ್ಪು, ಬರದಂಥ ಸಂದರ್ಭದಲ್ಲಿ ಮಾತ್ರ. ಹಲ್ಲುನೋವಿಗೆ ಪ್ರತೀಕಾರವಿದೆ. ಬಳ್ಳಿಗಾವಿಯ ಕೋಡಿಯ ಮಠವಂತೂ ಈ ಪ್ರಶ್ನೆಗೆ ನಡೆಯಿಂದಲೇ ಉತ್ತರಿಸಿದೆ. ಕಾಳಾಮುಖ ಶೈವ ಯತಿಗಳ ಆ ಮಠ ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ದೀನರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ವೈರಾಗ್ಯವನ್ನು ತಾವು ಹಿಡಿದವರು ಪರರ ನೋವಿಗೆ ಮದ್ದು ಅರೆದರು.

ಹಲ್ಲಿನ ವೈದ್ಯದಲ್ಲಿಯೂ ಉಳಿಸುವುದೇ ಮೊದಲು, ಬಿಡುವುದು ಆಮೇಲೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿ ಎನಾಮೆಲ್ ಕರಗಿಸುತ್ತವೆ. ಹುಳುಕು ಅಲ್ಲಿಗೇ ನಿಂತರೆ ಸಿಮೆಂಟು ತುಂಬಿದರೆ ಸಾಕು. ನರಕ್ಕೆ ತಲುಪಿದರೆ ರೂಟ್ ಕೆನಾಲ್ ಮಾಡಿ, ಮೇಲೆ ಕ್ಯಾಪ್ ಕೂರಿಸಿ ಹಲ್ಲನ್ನು ಉಳಿಸಬಹುದು. ಅದೂ ಆಗದಾಗ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೀಳುತ್ತಾರೆ. ದವಡೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಕಾಟ ಕೊಡುವ ಬುದ್ಧಿಹಲ್ಲಿಗೆ ವಸಡು ಕುಯ್ದು, ಮೂಳೆ ಕೆತ್ತಬೇಕಾಗುತ್ತದೆ. ಕೀವು ತುಂಬಿದ ಬಾವನ್ನು ಸಹಿಸಿಕೊಂಡು ಕೂರುವುದು ತಪಸ್ಸಲ್ಲ: ಸೋಂಕು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟಬಹುದು.

ಈ ಅಡಿಕೆ ಸೀಮೆಯಲ್ಲಿ ಇನ್ನೂ ಕಠಿಣವಾದ ಮಾತೊಂದಿದೆ. ಪೂಜೆಗೂ ಮದುವೆಗೂ ವೀಳ್ಯದೆಲೆ, ಅಡಿಕೆ ಬೇಕೇ ಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಗುರುತಿಸಿತು. ಸದಾ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಆ ನಾರುಪಟ್ಟಿಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಉಂಟು. ಅದಾದ ಮೇಲೂ ಬಾಯಿ ತೆರೆಯುವ ವ್ಯಾಯಾಮ ಬಿಡುವಂತಿಲ್ಲ, ಅಡಿಕೆ ಮುಟ್ಟುವಂತಿಲ್ಲ. ದೇವರ ಮುಂದಿಡುವ ತಾಂಬೂಲ ಅರ್ಪಣೆ; ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವ ಹೋಳು ಅರ್ಪಣೆಯ ಭಾಗವಲ್ಲ, ಅದನ್ನು ಬಿಟ್ಟವರಿಂದ ಆಚಾರ ಕೆಡುವುದೂ ಇಲ್ಲ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ ವೈದ್ಯರು ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ ದವಡೆಯನ್ನೂ ಮಾತನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು.