ಪ್ರೇಮಗೀತೆಯ ‘ನೀನು’ ಯಾರು?

🌷 *ಇಂದಿನ ಧಮ್ಮ ಚಿಂತನ* 🌷



ಹೋದ ಭಾನುವಾರ ವಂದನೆ ಮುಗಿದ ಮೇಲೆ ಕುಷ್ಟಗಿ ಕಡೆಯ ಒಬ್ಬ ತಂಗಿ ಕೇಳಿದಳು: ‘ಸರ್, ಸಿನಿಮಾದ ಪ್ರೇಮಗೀತೆ ಕೇಳಿದರೆ ಶೀಲ ಕೆಡುತ್ತದೆಯೇ?’ ಕೆಲವರು ನಕ್ಕರು. ನನಗೆ ಅದು ನಗುವ ಪ್ರಶ್ನೆ ಅನಿಸಲಿಲ್ಲ.

ಗೃಹಸ್ಥರ ಪಂಚಶೀಲದಲ್ಲಿ ಹಾಡಿನ ಮಾತೇ ಇಲ್ಲ. ಉಪೋಸಥದ ದಿನ ಅಷ್ಟಶೀಲ ಹಿಡಿದವರು ಹಾಡು, ಕುಣಿತದಿಂದ ದೂರ ಇರುತ್ತಾರೆ, ಅಷ್ಟೇ. ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖನೆಂಬ ಗಂಧರ್ವ ವೀಣೆ ಹಿಡಿದು ಭಗವಾನರ ಮುಂದೆಯೇ ಹಾಡುತ್ತಾನೆ. ಅರಹಂತರ ಮಾತೂ ಬರುವ ಆ ಹಾಡು ಒಂದು ಪ್ರೇಮಗೀತೆ. ಅವನು ಮೆಚ್ಚಿದ ಹುಡುಗಿ ಇನ್ನೊಬ್ಬನನ್ನು ಬಯಸಿದ್ದಳು. ಬುದ್ಧರು ಗದರಿಸಲಿಲ್ಲ. ತಂತಿಯ ನಾದವೂ ಕಂಠವೂ ಚೆನ್ನಾಗಿ ಹೊಂದಿಕೊಂಡಿವೆ ಎಂದು ಮೆಚ್ಚಿ, ಇದನ್ನು ಯಾವಾಗ ಕಟ್ಟಿದೆ ಎಂದು ವಿಚಾರಿಸಿದರು. (ಗಂಧರ್ವ, ಇಂದ್ರರನ್ನು ನಾವು ನಂಬಬೇಕಾಗಿಲ್ಲ. ಆದರೆ ಭಿಕ್ಖುಗಳು ಈ ಪ್ರಸಂಗವನ್ನು ಕಂಠಪಾಠದಲ್ಲಿ ಉಳಿಸಿಕೊಂಡು ಬಂದರಲ್ಲ, ಅದನ್ನು ಗಮನಿಸಿ.)

ಹಾಗಾದರೆ ನಮ್ಮ ಕಾಲದ ಒಂದು ಹಾಡನ್ನೇ ತೆಗೆದುಕೊಳ್ಳೋಣ, ‘ಅನಿಸುತಿದೆ ಯಾಕೋ ಇಂದು’. 2006ರ ಡಿಸೆಂಬರ್ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ಯದು. ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ, ಸಂಗೀತ ಅಮೆರಿಕದಲ್ಲಿ ನೆಲೆಸಿದ ಮನೋಮೂರ್ತಿ ಅವರದು, ಹಾಡಿದವರು ಕನ್ನಡ ಮನೆಮಾತಲ್ಲದ ಸೋನು ನಿಗಮ್. ಬೆಂಗಳೂರಿನಲ್ಲಿ ಆ ಚಿತ್ರ ಒಂದು ವರ್ಷಕ್ಕೂ ಮೀರಿ ಓಡಿತು. ಅಮೆರಿಕದಲ್ಲಾದರೆ ಬಿಲ್‌ಬೋರ್ಡ್ ಪತ್ರಿಕೆ 1958ರಿಂದ ವಾರವಾರ ನೂರು ಹಾಡುಗಳ ಪಟ್ಟಿ ಹಾಕುತ್ತದೆ. ನಮ್ಮ ಯಲಬುರ್ಗಾದಲ್ಲಿ ಪಟ್ಟಿ ಎಲ್ಲಿಯದು? ಮೊಬೈಲ್ ಅಂಗಡಿಯ ಮುಂದೆ ಮೆಮರಿ ಕಾರ್ಡಿಗೆ ಹಾಡು ತುಂಬಿಸಲು ನಿಂತ ಹುಡುಗರೇ ಪಟ್ಟಿ. ಟಂಟಂನಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆ ಮಂಟಪದಲ್ಲಿ ಅದೇ ಹಾಡು. ಊರೊಳಗೂ ಅದೇ, ನಮ್ಮ ಕೇರಿಯಲ್ಲೂ ಅದೇ.

ಯಾಕೆ ಅಷ್ಟು ಗೆದ್ದಿತು? ರಾಗ ಇಂಪಾಗಿದೆ, ಮಾತು ಸರಳವಾಗಿದೆ, ಅದು ಸರಿ. ಇನ್ನೊಂದು ಕಾರಣವೂ ನನಗೆ ಕಾಣುತ್ತದೆ. ಪ್ರೇಮಗೀತೆಯ ‘ನೀನು’ಗೆ ಹೆಸರಿಲ್ಲ, ಊರಿಲ್ಲ, ಕೇರಿ ಇಲ್ಲ. ಆ ಖಾಲಿ ಜಾಗದಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದವರನ್ನು, ಬಹಳ ಸಲ ತನ್ನವರನ್ನೇ ಕೂರಿಸಿಕೊಳ್ಳುತ್ತಾನೆ. ಹಾಡು ಕೇಳುವವನನ್ನು ಏನೂ ಕೇಳುವುದಿಲ್ಲ. ಅದಕ್ಕೇ ಕಣ್ಣಂಚು ಒದ್ದೆ ಮಾಡಿಕೊಂಡು ಗುನುಗುವವನೇ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡಬಲ್ಲ. ಎರಡೂ ಒಂದೇ ಹೃದಯದ ಕೆಲಸ.

ಗಂಗಾವತಿ ತಾಲೂಕಿನ ಮರಕುಂಬಿಯನ್ನು ನಾವ್ಯಾರೂ ಮರೆತಿಲ್ಲ. 2014ರ ಆಗಸ್ಟ್‌ನಲ್ಲಿ ಜಗಳ ಹುಟ್ಟಿದ್ದು ಗಂಗಾವತಿಯ ಒಂದು ಚಿತ್ರಮಂದಿರದಲ್ಲಿ. ಬೆಂಕಿ ಬಿದ್ದದ್ದು ಮರಕುಂಬಿಯ ನಮ್ಮವರ ಗುಡಿಸಲುಗಳಿಗೆ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಒಂದೇ ಪರದೆಗೆ ಮುಖ ಮಾಡಿ, ಒಂದೇ ಹಾಡಿಗೆ ಸಿಳ್ಳೆ ಹೊಡೆದವರು ಹೊರಗೆ ಬಂದರೆ ಅಕ್ಕಪಕ್ಕ ನಿಲ್ಲಲಾರರು.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಪ್ರೀತಿ ಸಾಲದು, ಮೈತ್ರಿ ಬೇಕು ಎನ್ನುವುದು ಇದಕ್ಕೇ ಇರಬೇಕು. ಬುದ್ಧಘೋಷರು ವಿಶುದ್ಧಿಮಗ್ಗದಲ್ಲಿ ಮೈತ್ರಿಗೆ ಹತ್ತಿರದ ಶತ್ರು ರಾಗ ಎಂದಿದ್ದಾರೆ. ದೂರದ ಶತ್ರುವಾದ ದ್ವೇಷವನ್ನು ಗುರುತಿಸುವುದು ಸುಲಭ. ರಾಗವಾದರೋ ಮೈತ್ರಿಯಂತೆಯೇ ಕಾಣುತ್ತದೆ.

ಆದರೆ ಇದನ್ನು ಹಿಡಿದು ಮಕ್ಕಳ ಪ್ರೀತಿಯನ್ನು ತಳ್ಳಿಹಾಕುವವರಿಗೆ ನನ್ನ ಸಮ್ಮತಿ ಇಲ್ಲ. ‘ಮುಂಗಾರು ಮಳೆ’ಯ ಪ್ರೀತಂ ಕೊನೆಗೆ ನಂದಿನಿಯನ್ನು ಬಿಟ್ಟುಕೊಡುತ್ತಾನೆ, ಹಿರಿಯರು ನಿಶ್ಚಯಿಸಿದ ಮದುವೆಯೇ ನಡೆಯುತ್ತದೆ. ಜನ ತ್ಯಾಗ ಎಂದು ಹೊಗಳಿದರು. ಅವಳೇನು ಅವನ ಕೈಯಲ್ಲಿದ್ದ ವಸ್ತುವೇ, ದಾನ ಕೊಡಲು? ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳಿಂದ ಇದೇ ತ್ಯಾಗವನ್ನು ಕೇಳುತ್ತೇವೆ. 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಜಾತಿ ಮುರಿಯಲು ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದರು. ದೀಕ್ಷೆ ಪಡೆದು, ಮನೆಯಲ್ಲಿ ಬುದ್ಧರ ಫೋಟೋ ಇಟ್ಟ ಮೇಲೂ ಸಂಬಂಧ ನೋಡುವಾಗ ಮೆಲ್ಲಗೆ ‘ಎಡಗೈಯೋ, ಬಲಗೈಯೋ?’ ಎಂದು ಕೇಳುವವರು ನಮ್ಮ ನಡುವೆ ಇದ್ದಾರೆ. ಮದುವೆ ಮಂಟಪದಲ್ಲಿ ಆ ಹಾಡು ಹಾಕಿಸುವವರೂ ಅವರೇ.